ಇಬ್ಬರು ಡಾಕ್ಟರೂ ಒಪ್ಪಿದ್ದ ಮಾತು

ಜಗಳವಿಲ್ಲದ ವೈದ್ಯರ ಸಭೆ ಉಪ್ಪಿಲ್ಲದ ಅಡುಗೆ ಎನ್ನುತ್ತಿದ್ದಳು ಡಾಕ್ಟರಮ್ಮ. ಮಕ್ಕಳ ರಕ್ತದ ಕ್ಯಾನ್ಸರ್ ನೋಡುವವಳು. ಮದ್ದನ್ನು ಎರಡು ವರ್ಷ ಕೊಡಬೇಕೆಂದು ಅವಳು, ಒಂದೂವರೆ ಸಾಕೆಂದು ಅದೇ ಆಸ್ಪತ್ರೆಯ ಹಿರಿಯ ಡಾಕ್ಟರು. ವೇದಿಕೆಯ ಮೇಲೆ "ನಿಮ್ಮ ಲೆಕ್ಕ ಮಕ್ಕಳನ್ನ ಕೊಲ್ಲುತ್ತೆ" ಎಂದು ಕೂಗಾಡಿ, ಆಮೇಲೆ ಒಂದೇ ಮೇಜಿನಲ್ಲಿ ಕೂತು ಚಹಾ ಕುಡಿಯುವುದು ಅವರ ಪದ್ಧತಿ. ಮದ್ದೇ ಬೇಡವೆಂದು ಇಬ್ಬರಲ್ಲಿ ಒಬ್ಬರೂ ಕನಸಿನಲ್ಲೂ ಅಂದವರಲ್ಲ.

ಆ ಕೂಗಾಟದ ವೀಡಿಯೊ ಒಬ್ಬ ಪ್ರವಚನಕಾರರ ಕೈಗೆ ಸಿಕ್ಕಿತು. ಕೇಳಬೇಕೆ! ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. "ತಮ್ಮತಮ್ಮಲ್ಲೇ ಒಪ್ಪದವರು ದೇವರ ಕೆಲಸಕ್ಕೆ ಕೈ ಹಾಕ್ತಾರಂತೆ!" ಸಭೆ ಗೊಳ್ಳೆಂದು ನಕ್ಕಿತು. ನಕ್ಕವರಲ್ಲಿ ಡಾಕ್ಟರಮ್ಮನ ಒಡಹುಟ್ಟಿದ ತಮ್ಮನೂ ಇದ್ದ. ಅವನ ಮಗಳು ಪುಟ್ಟಿಗೆ ಅದೇ ಕಾಯಿಲೆ. ಮದ್ದು ಶುರುವಾದ ಮೇಲೆ ಕೂದಲು ಉದುರಿ, ತಿಂದದ್ದನ್ನೆಲ್ಲ ಕಕ್ಕುತ್ತಿತ್ತು ಮಗು. ಅವನು ಅವಳನ್ನು ಆಸ್ಪತ್ರೆಗೆ ಕರೆತರುವುದನ್ನೇ ನಿಲ್ಲಿಸಿದ.

"ಸರ್, ಇಬ್ರೂ ಒಟ್ಟಿಗೆ ಹೋಗಿ ಹೇಳೋಣ," ಎಂದು ಡಾಕ್ಟರಮ್ಮ ಅಂಗಲಾಚಿದಳು. ಹಿರಿಯರು ಹಾಕಿದ ಕೋಟಿನಲ್ಲೇ ಎದ್ದು ಬಂದರು.

ಮನೆ ಬಾಗಿಲಿಗೆ ತಮ್ಮ ಅಡ್ಡ ನಿಂತ. ಒಳಗೆ ಪುಟ್ಟಿ ಟೋಪಿ ಹಾಕಿಕೊಂಡು, ನೆಲದ ಮೇಲೆ ಬೋರಲು ಮಲಗಿ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು.

"ಮದ್ದು ಬಿಟ್ರೆ ಮಗು ಉಳಿಯಲ್ಲ ಕಣೋ. ಇದ್ರಲ್ಲಿ ನಮ್ಮಿಬ್ರದ್ದೂ ಒಂದೇ ಮಾತು."

ಹಿರಿಯರು ತಲೆಯಾಡಿಸಿದರು. ತಮ್ಮನ ಮುಖ ಸಡಿಲವಾಯಿತು. ಅವನೇನು ಕಟುಕನೇ? ಹೆತ್ತ ಕರುಳು. "ಅವಳ ಸಂಕಟ ನೋಡಕ್ಕಾಗಲ್ಲ ಅಕ್ಕಾ. ಇನ್ನೂ ಎಷ್ಟು ಕಾಲ?"

"ಎರಡು ವರ್ಷ."

"ಒಂದೂವರೆ ಸಾಕು," ಎಂದರು ಹಿರಿಯರು.

ಅಯ್ಯೋ, ಆ ಒಂದು ಗಳಿಗೆ ಬಾಯಿಗೆ ಬೀಗ ಹಾಕಿಕೊಳ್ಳಬಾರದಿತ್ತೆ! ಹೋಗಲಿ, ಇವಳಾದರೂ ಸುಮ್ಮನಿದ್ದಳೇ? "ಸರ್, ಕಾಯಿಲೆ ಮರುಕಳಿಸಿದ ಮಕ್ಕಳನ್ನ ನೀವು ಲೆಕ್ಕಕ್ಕೆ ತಗೊಂಡೇ ಇಲ್ಲ," ಎಂದು ತಿರುಗಿಬಿದ್ದಳು. ಅವರೂ ಬಿಡಲಿಲ್ಲ. ಇಬ್ಬರಿಗೂ ಎಚ್ಚರವಾಗುವಷ್ಟರಲ್ಲಿ ತಮ್ಮನ ಕಣ್ಣು ತುಂಬಿತ್ತು.

"ಪ್ರವಚನದಲ್ಲಿ ಹೇಳಿದ್ದು ಸುಳ್ಳಲ್ಲ ಬಿಡಕ್ಕಾ," ಎಂದು ಬಾಗಿಲು ಹಾಕಿಕೊಂಡ.

ಡಾಕ್ಟರಮ್ಮ ಎರಡೂ ಕೈಯಿಂದ ಬಾಗಿಲು ಬಡಿದಳು. ಇಡೀ ಆಯುಸ್ಸು ಸವೆಸಿ ಕಂಡುಕೊಂಡದ್ದನ್ನು ಹೊಸ್ತಿಲಲ್ಲೇ ಬಿಸಾಡಿದಳು. "ಒಂದೂವರೆಯೇ ಸರಿ ಕಣೋ! ಸರ್ ಹೇಳಿದ್ದೇ ಸರಿ! ನಾನು ಒಪ್ಪಿದೀನಿ, ಬಾಗಿಲು ತೆಗಿ!"

ಒಳಗಿನಿಂದ ತಮ್ಮನ ದನಿ ಬಂತು. "ನೋಡು, ಈಗ ಮಾತೂ ಬದಲಾಯಿಸ್ದೆ."

ಆ ಬಾಗಿಲು ಅವಳಿಗೆ ಮತ್ತೆ ತೆರೆದದ್ದು ಪುಟ್ಟಿಯನ್ನು ಮಣ್ಣು ಮಾಡಲು ಹೊತ್ತು ಹೊರತಂದ ದಿನವೇ.