ಗಂಟಲ ಮೂಳೆ

ಈ ಕೆಲಸ ಹೇಸಿಗೆ ಅನ್ನಿಸುವುದಿಲ್ಲವೇ ಎಂದು ಜನ ನನ್ನನ್ನು ಕೇಳುತ್ತಾರೆ. ಬಾಯಿ ಬಿಟ್ಟು ಕೇಳದವರು ಕಣ್ಣಲ್ಲೇ ಕೇಳುತ್ತಾರೆ. ಮೂವತ್ತೊಂದು ವರ್ಷದಿಂದ ನಾನು ಶಿಕೊಕುವಿನ ಈ ಬೆಟ್ಟದೂರಿನ ಚಿತಾಗಾರದಲ್ಲಿ ಹೆಣ ಸುಡುತ್ತಿದ್ದೇನೆ. ಮಗಳ ಮದುವೆಯ ಮಾತುಕತೆಯಲ್ಲಿ ನನ್ನ ಹೆಂಡತಿ 'ನಮ್ಮವರು ಪುರಸಭೆಯಲ್ಲಿದ್ದಾರೆ' ಎಂದಷ್ಟೇ ಹೇಳಿ ಮಾತು ತಿರುಗಿಸಿದ್ದಳು. ಅವಳದೂ ತಪ್ಪಲ್ಲ ಬಿಡಿ.

ಮೂಳೆಯಲ್ಲಿ ಹೇಸಿಗೆ ಪಡುವಂಥದ್ದು ಏನೂ ಇಲ್ಲ. ಒಂದೂವರೆ ಗಂಟೆ ಬೆಂಕಿಯಲ್ಲಿ ಬೆಂದು ಹೊರಗೆ ಬಂದ ಮೂಳೆಯಷ್ಟು ಶುಚಿಯಾದ ವಸ್ತುವನ್ನು ನಾನು ಕಂಡಿಲ್ಲ. ಹೇಸಿಗೆ ಏನಿದ್ದರೂ ಒಲೆಯ ಈಚೆ ಕಡೆ, ಕರಿ ಕೋಟು ತೊಟ್ಟುಕೊಂಡು ನಿಂತಿರುತ್ತದೆ. ಕಿನುಯೊ ಅಜ್ಜಿಯನ್ನು ತಂದ ದಿನ ಅದನ್ನು ತೀರಾ ಹತ್ತಿರದಿಂದ ಕಂಡೆ. ಆದರೆ ಅದನ್ನು ಹೇಳಬೇಕಾದರೆ ಮೊದಲು ನನ್ನ ತಪ್ಪಿನಿಂದಲೇ ಶುರು ಮಾಡಬೇಕು.

ನವೆಂಬರ್ ತಿಂಗಳ ಬೆಳಗ್ಗೆ. ಪೆಟ್ಟಿಗೆಯ ಜೊತೆ ಆರು ಜನ ಬಂದರು. ಅಜ್ಜಿಯ ಎರಡನೇ ಮಗ ಮೊರಿಹಿಕೊ, ಒಸಾಕಾದಲ್ಲಿ ಯಾವುದೋ ಕಂಪನಿಯ ವಿಭಾಗದ ಮುಖ್ಯಸ್ಥ, ಅವನ ಹೆಂಡತಿ, ಅಜ್ಜಿಯ ತಂಗಿ ಸುಮಾಕೊ, ದೂರದ ನೆಂಟರು ಇಬ್ಬರು. ಹಿಂದಿನಿಂದ, ಎಲ್ಲರ ಚೀಲಗಳನ್ನೂ ಎರಡು ಕೈಯಲ್ಲಿ ಹೊತ್ತುಕೊಂಡು, ಐವತ್ತರ ಆಸುಪಾಸಿನ ಕಂದು ಬಣ್ಣದ ಹೆಂಗಸೊಬ್ಬಳು. ಮುದುಕರನ್ನು ನೋಡಿಕೊಳ್ಳಲು ಈಗ ನಮ್ಮಲ್ಲಿ ಹೊರದೇಶದವರೇ ಬರುವುದಲ್ಲವೇ, ಸಂಬಳದ ಆಳು ಇರಬೇಕು ಎಂದುಕೊಂಡೆ. ಅಂದುಕೊಂಡದ್ದಷ್ಟೇ ಅಲ್ಲ. ಅವಳ ಮುಂದೆ ನಿಂತು, ಕಿವುಡರಿಗೆ ಹೇಳುವ ಹಾಗೆ ಕೈಸನ್ನೆ ಮಾಡುತ್ತ ಹೇಳಿದೆ:

"ನೀವು... ಅಲ್ಲಿ... ಕೂತ್ಕೊಳ್ಳಿ. ಟೀ... ಕುಡೀರಿ. ಗೊತ್ತಾಯ್ತಾ?"

ಅವಳು ನನ್ನ ಮುಖವನ್ನೇ ನೋಡಿದಳು.

"ಯಾಕಣ್ಣ, ಗಂಟ್ಲು ಕಟ್ಟೈತಾ? ನಂಗೆ ಚೆನ್ನಾಗೇ ಕೇಳುಸ್ತದೆ. ನಾನು ಆಯಮ್ಮನ ಹಿರೀ ಸೊಸೆ."

ನಮ್ಮೂರಿನ ಮಾತು, ನಮ್ಮೂರಿನ ರಾಗ. ನನ್ನ ಮಗಳಿಗೂ ಈಗ ಹಾಗೆ ಆಡಲು ಬರುವುದಿಲ್ಲ. ಅವಳ ಹೆಸರು ನೆನಿತಾ. ಫಿಲಿಪೀನ್ಸ್‌ನಿಂದ ಮದುವೆಯಾಗಿ ಬಂದು ಇಪ್ಪತ್ತೇಳು ವರ್ಷವಾಗಿತ್ತು. ಗಂಡ ಸತ್ತು ಹನ್ನೊಂದು ವರ್ಷ. ಅಂದಿನಿಂದ ಅತ್ತೆಯ ಹಾಸಿಗೆ, ಔಷಧಿ, ಗದ್ದೆ ಎಲ್ಲ ಅವಳದೇ. ಹೆತ್ತ ಮಗ ವರ್ಷಕ್ಕೊಂದು ಸಲ ಕಿತ್ತಳೆ ಬುಟ್ಟಿ ಕಳಿಸುತ್ತಿದ್ದನಂತೆ. ನನ್ನ ಕಿವಿ ಬಿಸಿಯಾಯಿತು. ಕ್ಷಮೆ ಕೇಳಿದೆ.

ಸುಟ್ಟ ಮೇಲೆ ಮನೆಯವರೇ ಜೋಡಿ ಕಡ್ಡಿಯಲ್ಲಿ ಮೂಳೆ ಆಯ್ದು ಕುಡಿಕೆಗೆ ತುಂಬುವುದು ನಮ್ಮ ಪದ್ಧತಿ. ತಪ್ಪು ತಿದ್ದಿಕೊಳ್ಳೋಣವೆಂದು ಮೊರಿಹಿಕೊನ ಬಳಿ ಹೋಗಿ, "ಮೂಳೆ ಆಯೋಕೆ ಆರು ಜೊತೆ ಕಡ್ಡಿ ಇಡ್ತೀನಿ" ಎಂದೆ.

"ಐದು ಸಾಕು. ಅವರು ಹೊರಗಿರ್ತಾರೆ."

ಸುಮಾಕೊ ಮುದುಕಿ ನಡುವೆ ಬಾಯಿ ಹಾಕಿದಳು. ಜೇನು ಸುರಿಯುವ ದನಿ. "ಪಾಪ, ಅವಳಿಗೆ ಇದೆಲ್ಲ ಹೆದರಿಕೆ ಆಗುತ್ತೆ. ಅವರ ಕಡೆ ಹೂಳ್ತಾರಂತೆ. ಅವಳ ಒಳ್ಳೇದಕ್ಕೇ ನಾವು ಹೇಳ್ತಿರೋದು."

ನಮ್ಮ ಜನ ಯಾರನ್ನೂ ಬಾಗಿಲಿಂದ ಆಚೆ ನೂಕುವುದಿಲ್ಲ. ಹೊರಗೆ ಗಾಳಿ ಚೆನ್ನಾಗಿದೆ, ಪಾಪ ಕೂತುಕೊಳ್ಳಲಿ ಎನ್ನುತ್ತಾರೆ. ಬೈದರೆ ತಿರುಗಿ ಬೈಯಬಹುದು. ಈ ಮರುಕಕ್ಕೆ ಉತ್ತರ ಕೊಡುವುದು ಹೇಗೆ?

ಪೆಟ್ಟಿಗೆಯನ್ನು ಒಳಗೆ ತಳ್ಳುವ ಮೊದಲು ಅಜ್ಜಿಯ ಮುಖದ ಮೇಲಿದ್ದ ಕನ್ನಡಕವನ್ನು ತೆಗೆದೆ. ಗಾಜು ಕರಗಿ ಮೂಳೆಗೆ ಅಂಟುತ್ತದೆ, ಹಾಗಾಗಿ ಬಿಡುವುದಿಲ್ಲ. ಅದನ್ನು ಮೊರಿಹಿಕೊನ ಮುಂದೆ ಹಿಡಿದೆ. ಅವನು ಹೆಂಡತಿಯನ್ನು ನೋಡಿದ, ಹೆಂಡತಿ ಕೈಚೀಲವನ್ನು ಮುಚ್ಚಿಕೊಂಡಳು. ನೆನಿತಾ ಬಂದು ತೆಗೆದುಕೊಂಡಳು. ತೋಳಿನ ಬಟ್ಟೆಯಿಂದ ಎರಡೂ ಗಾಜು ಒರೆಸಿ, ಕನ್ನಡಕದ ಡಬ್ಬಿಗೆ ಹಾಕಿ, ಡಬ್ಬಿಯನ್ನು ತನ್ನ ಚೀಲದೊಳಗೆ ಇಟ್ಟುಕೊಂಡಳು.

ಒಲೆ ಉರಿಯುತ್ತಿದ್ದಾಗ ಎಲ್ಲರೂ ಕಾಯುವ ಕೋಣೆಯಲ್ಲಿ ಕೂತು ತಿಂಡಿ ತಿಂದರು. ನಾನು ಬಿಸಿನೀರು ಕೊಡಲು ಹೋದಾಗ ಸುಮಾಕೊ ಹೇಳುತ್ತಿದ್ದಳು, "ನೆನಿತಾ-ಸಾನ್ ಕಡ್ಡೀಲಿ ಎಷ್ಟು ನೀಟಾಗಿ ತಿಂತಾಳೆ ನೋಡಿ. ಥೇಟ್ ನಮ್ಮವರ ಹಾಗೇ."

"ಹೋದ ವರ್ಷಾನೂ ಅಂದ್ರಿ ಚಿಕ್ಕತ್ತೆ," ಎಂದಳು ನೆನಿತಾ. "ಅದರ ಹಿಂದಿನ ವರ್ಷಾನೂ."

ಸುಮಾಕೊ ಅದನ್ನು ವಿನಯವೆಂದೇ ತಿಳಿದು ತಲೆಯಾಡಿಸಿದಳು. ಇಪ್ಪತ್ತೇಳು ವರ್ಷ ಅನ್ನ ತಿಂದವಳಿಗೆ ಈ ಹೊಗಳಿಕೆ. ಅದೇ ಕಡ್ಡಿ ಒಂದು ಗಂಟೆಯಲ್ಲಿ ಅವಳ ಕೈಗೆ ಸಲ್ಲದ್ದಾಗುತ್ತದೆ. ಕೆಟಲನ್ನು ಕುಕ್ಕಿ ಹೊರಗೆ ಬಂದೆ.

ಮೂಳೆಯ ಕೋಣೆಯಲ್ಲಿ ನಾನು ಕೊಡುವ ಕಡ್ಡಿ ಊಟದ ಕಡ್ಡಿಯಂತಲ್ಲ. ಒಂದು ಬಿದಿರಿನದು, ಒಂದು ಮರದ್ದು, ಬೇಕೆಂದೇ ಜೊತೆ ತಪ್ಪಿಸಿದ್ದು. ಒಂದು ಮೂಳೆಯನ್ನು ಇಬ್ಬರು ಒಟ್ಟಿಗೆ ಹಿಡಿದೆತ್ತಿ ಕುಡಿಕೆಗೆ ಹಾಕಬೇಕು, ಒಬ್ಬರೇ ಎತ್ತುವಂತಿಲ್ಲ. ಪಾದದಿಂದ ಶುರು ಮಾಡಿ ಮೇಲಕ್ಕೆ ಬರಬೇಕು, ಸತ್ತವರು ಕುಡಿಕೆಯೊಳಗೆ ನೆಟ್ಟಗೆ ಕೂರುವ ಹಾಗೆ. ಎಲ್ಲಕ್ಕಿಂತ ಕೊನೆಗೆ ಗಂಟಲ ಮೂಳೆ. ಅದನ್ನು ತೀರಾ ಹತ್ತಿರದವರೇ ಎತ್ತುವುದು. ನಮ್ಮ ಪಶ್ಚಿಮದ ಕಡೆ ಕುಡಿಕೆ ಚಿಕ್ಕದು, ಹತ್ತೋ ಹದಿನೈದೋ ತುಂಡು ಒಯ್ಯುತ್ತಾರೆ. ಉಳಿದದ್ದು ನಮ್ಮ ಬಳಿಯೇ ಉಳಿಯುತ್ತದೆ.

ಐದು ಜನ ಒಲೆಯಿಂದ ಹೊರಗೆಳೆದ ತಟ್ಟೆಯ ಸುತ್ತ ನಿಂತರು. ಪಾದ ಮುಗಿಯಿತು, ಮಂಡಿ ಮುಗಿಯಿತು. ಸೊಂಟದ ಹತ್ತಿರ ಮೊರಿಹಿಕೊನ ಕಡ್ಡಿಗೆ ಏನೋ ಗಟ್ಟಿಯಾಗಿ ತಗುಲಿತು. ಬೆರಳುದ್ದದ ಲೋಹದ ತಿರುಪುಮೊಳೆ.

"ಇದೇನಿದು?"

"ಮುರಿದ ಮೂಳೆಗೆ ಹಾಕೋ ಸ್ಕ್ರೂ," ಎಂದೆ.

"ನಮ್ಮಮ್ಮನಿಗೆ ಇಂಥದ್ದೇನೂ ಇರ್ಲಿಲ್ಲ." ಅವನು ಕಡ್ಡಿ ಕೆಳಗಿಟ್ಟ. ಮುಖ ಬಿಳುಚಿತು. "ನಿಜ ಹೇಳಿ. ಯಾರ ಮೂಳೆ ಇದು?"

ಅಂದು ಉರಿದದ್ದು ಒಂದೇ ಒಲೆ, ಬಂದದ್ದು ಒಂದೇ ಪೆಟ್ಟಿಗೆ ಎಂದು ಹೇಳಿದೆ. ಅವನ ಕಿವಿಗೆ ಹೋಗಲಿಲ್ಲ. ಪುರಸಭೆಗೆ ದೂರು ಕೊಡುತ್ತೇನೆ, ಪತ್ರಿಕೆಯವರನ್ನು ಕರೆಸುತ್ತೇನೆ ಎಂದ. ಸುಮಾಕೊ ಬಾಯಿಗೆ ಕರವಸ್ತ್ರ ಒತ್ತಿಕೊಂಡು, "ಯಾರದ್ದೋ ಮೂಳೇನ ಮುಟ್ಟಿಬಿಟ್ವಲ್ಲ" ಎಂದು ಎರಡು ಹೆಜ್ಜೆ ಹಿಂದೆ ಸರಿದಳು.

"ಅಜ್ಜಿ ಜೊತೇಲಿದ್ದವರನ್ನ ಒಂದು ಮಾತು ಕೇಳಿ," ಎಂದೆ.

ಮೊರಿಹಿಕೊ ಬಾಗಿಲಿಗೆ ಹೋದ. "ಅತ್ತಿಗೆ, ಸ್ವಲ್ಪ ಬರ್ತೀರಾ?"

ಅಣ್ಣನ ಹೆಂಡತಿ ಅತ್ತಿಗೆಯೇ ತಾನೆ. ಆದರೆ ಬೆಳಗ್ಗಿನಿಂದ ಆ ಮಾತು ಅವನ ಬಾಯಲ್ಲಿ ಬಂದದ್ದು ಆಗಲೇ.

ನೆನಿತಾ ಒಳಗೆ ಬಂದು ತಟ್ಟೆಯ ಮೇಲೆ ಬಾಗಿದಳು. ತರಕಾರಿ ಬುಟ್ಟಿ ನೋಡುವ ಹಾಗೆ ಸಲೀಸಾಗಿ ನೋಡಿದಳು.

"ಎಡಸೊಂಟದ್ದು. ಆರು ವರ್ಷದ ಹಿಂದೆ ಹಣ್ಣು ಕೀಳಕ್ಕೆ ಅಂತ ಏಣಿ ಹತ್ತಿ ಬಿದ್ರಲ್ಲ, ಆಗ ಹಾಕಿದ್ದು. ನಿಮಗೆ ಕಾಗದ ಕಳ್ಸಿದ್ನಲ್ಲ. ಆಸ್ಪತ್ರೆಯೋರು ನನ್ನ ಸಹಿ ನಡೆಯಾಕಿಲ್ಲ, ಮಗಂದೇ ಬೇಕು ಅಂದ್ರು. ನೀವು ಸಹಿ ಹಾಕಿ ಕಳ್ಸಿದ್ರಿ."

ಮೊರಿಹಿಕೊ ಕೆಮ್ಮಿದ. ಓದದೆ ಸಹಿ ಹಾಕಿದ್ದಾನೆಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ಯಾರೂ ಅವನ ಮುಖ ನೋಡಲಿಲ್ಲ. ಆ ಮಟ್ಟಿಗೆ ನಾವು ಬಹಳ ಸಭ್ಯರು.

"ಸರಿ, ಅಮ್ಮಂದೇ," ಎಂದ. "ಮುಂದುವರಿಸೋಣ."

ನೆನಿತಾ ಕದಲಲಿಲ್ಲ. "ಒಂದು ಮಾತೈತೆ. ಗಂಟ್ಲು ಮೂಳೆ ನಾನೇ ಎತ್ತಬೇಕು ಅಂತ ಅತ್ತೆ ಹೇಳವ್ರೆ. ಮಾತು ಕೊಟ್ಟಿವ್ನಿ. ಅದೊಂದು ಎತ್ತಿಟ್ಟು ಹೋಗ್ತೀನಿ."

"ಕೊನೇಲಿ ಅಕ್ಕನಿಗೆ ಮರೆವು ಅಂತ ನೀನೇ ಹೇಳ್ತಿದ್ಯಲ್ಲ," ಎಂದಳು ಸುಮಾಕೊ.

"ಉಂಡಿದ್ದು ಮರೀತಿದ್ರು. ಇದನ್ನ ಮರೀತಿರ್ಲಿಲ್ಲ."

"ನೋಡು ತಾಯಿ, ನೀನು ಒಳ್ಳೆಯವಳು. ಯಾರು ಇಲ್ಲ ಅಂದ್ರು? ಆದ್ರೆ ಇದು ನಮ್ಮ ಜನದ ವಿಷಯ. ನಮ್ಮ ಹಿರಿಯರಿಗೆ ಹೇಗನ್ನಿಸುತ್ತೆ ಹೇಳು. ಇಬ್ಬರು ಸೇರಿ ಹಿಡೀಬೇಕು ಅದನ್ನ. ನಿನ್ನ ಜೊತೆ ಯಾರು ಹಿಡೀತಾರೆ?"

ನೆನಿತಾ ಒಬ್ಬೊಬ್ಬರನ್ನೇ ನೋಡಿದಳು. ಒಬ್ಬೊಬ್ಬರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಕೊನೆಗೆ ನನ್ನನ್ನೂ ನೋಡಿದಳು. ಸತ್ತವರ ಕಡೆಯವರು ಒಬ್ಬರೇ ಬಂದಾಗ ಅವರ ಜೊತೆಗೆ ನಾನೇ ಕಡ್ಡಿ ಹಿಡಿಯುತ್ತೇನೆ. ನಮ್ಮ ನಿಯಮದಲ್ಲೇ ಇದೆ. ಮನೆಯವರು ಇದ್ದಾಗ ಸಿಬ್ಬಂದಿ ಮೂಗು ತೂರಿಸಬಾರದು ಎಂದೂ ಇದೆ. ನಾನು ನನ್ನ ಕೈಗವಸು ಸರಿಪಡಿಸಿಕೊಂಡೆ. ಥೂ, ಈಗಲೂ ಆ ಗಳಿಗೆ ನೆನೆದರೆ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸುತ್ತದೆ.

"ತುಂಬ ಉಪಕಾರ ಆಯ್ತು, ನೆನಿತಾ-ಸಾನ್," ಎಂದ ಮೊರಿಹಿಕೊ. 'ಅತ್ತಿಗೆ' ಎನ್ನುವ ಮಾತು ಬಂದಷ್ಟೇ ಬೇಗ ಮಾಯವಾಗಿತ್ತು. "ಊಟದ ಡಬ್ಬಿಗಳು ಬಂದ್ವಾ ಅಂತ ಸ್ವಲ್ಪ ನೋಡ್ತೀರಾ?"

ಅವಳು ತಟ್ಟೆಗೆ ತಲೆಬಾಗಿ ನಮಸ್ಕರಿಸಿದಳು. ಜನಕ್ಕಲ್ಲ, ತಟ್ಟೆಗೆ. ಹೊರಗೆ ಹೋದಳು.

ಸುಮಾಕೊ ತಿರುಪುಮೊಳೆಯನ್ನು ಕಾಗದದ ತುದಿಯಲ್ಲಿ ಹಿಡಿದು ನನ್ನ ಕಡೆ ಚಾಚಿದಳು, ಸತ್ತ ಜಿರಳೆ ಹಿಡಿದ ಹಾಗೆ. "ಇದನ್ನ ಬಿಸಾಕಿ. ಹೊರಗಿನ ವಸ್ತು, ಅಕ್ಕನ ಜೊತೆ ಬೇಡ."

ಆರು ವರ್ಷ ನಿನ್ನಕ್ಕ ಕಕ್ಕಸಿಗೆ ಎದ್ದು ಹೋಗುತ್ತಿದ್ದದ್ದು ಇದರ ಮೇಲೆಯೇ ಎನ್ನುವ ಮಾತು ನಾಲಗೆಯ ತುದಿಗೆ ಬಂತು. ನುಂಗಿದೆ. ತಿರುಪುಮೊಳೆಯನ್ನು ಜೇಬಿಗೆ ಹಾಕಿಕೊಂಡೆ.

"ಇನ್ನು ಗಂಟಲ ಮೂಳೆ ತೋರ್ಸಿ. ಊಟಕ್ಕೆ ಹೊತ್ತಾಯ್ತು," ಎಂದ ಮೊರಿಹಿಕೊ.

ಗಂಟಲ ಮೂಳೆ ಎನ್ನುತ್ತೇವೆ, ಆದರೆ ಅದು ಕತ್ತಿನ ಹಿಂಬದಿಯ ಎರಡನೇ ಮೂಳೆ. ಪೂರ್ತಿಯಾಗಿ ಉಳಿದರೆ ಕೈಮುಗಿದು ಕೂತ ಬುದ್ಧನ ಹಾಗೆ ಕಾಣುತ್ತದೆ. ಅದು ಯಾವುದೆಂದು ಮನೆಯವರಿಗೆ ಗೊತ್ತಿರುವುದಿಲ್ಲ. ನಾನು ತೋರಿಸಿದ್ದೇ ಗಂಟಲ ಮೂಳೆ. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ತಪ್ಪು ತೋರಿಸಿದವನಲ್ಲ. ಕಿನುಯೊ ಅಜ್ಜಿಯದು ಎಲ್ಲೂ ಬಿರುಕು ಬಿಡದೆ ಬಂದಿತ್ತು. ತಟ್ಟೆ ಹೊರಗೆಳೆದ ಕೂಡಲೇ ಅದನ್ನು ಬೇರೆ ತೆಗೆದು, ಬಿಳಿ ಬಟ್ಟಲಲ್ಲಿಟ್ಟು, ಮೇಲೆ ಕಾಗದ ಮುಚ್ಚಿದ್ದೆ.

ಆ ಬಟ್ಟಲನ್ನು ನಾನು ಮುಟ್ಟಲಿಲ್ಲ. ತಟ್ಟೆಯಿಂದ ಬೇರೊಂದು ಮೂಳೆಯನ್ನು, ಕತ್ತಿನದೇ, ಎರಡು ಕೈಯಲ್ಲಿ ಎತ್ತಿ ಅವರ ಮುಂದಿಟ್ಟೆ. ಇದೇ ಗಂಟಲ ಮೂಳೆ, ಕೈಮುಗಿದು ಕೂತ ಬುದ್ಧನ ಹಾಗಿದೆ ಎಂದು ಯಾವಾಗಲೂ ಹೇಳುವ ಮಾತನ್ನೇ ಹೇಳಿದೆ.

"ನೋಡಿ, ನೋಡಿ," ಎಂದಳು ಸುಮಾಕೊ, "ಕೈಮುಗಿದು ಕೂತ ಹಾಗೇ ಇದೆ. ಅಕ್ಕ ಎಷ್ಟು ನೆಮ್ಮದಿಯಾಗಿ ಹೋಗಿದಾಳೆ." ಕಣ್ಣೊರೆಸಿಕೊಂಡಳು.

ಆ ಮೂಳೆ ಅವಳಿಗೆ ಬುದ್ಧನಾಗಿ ಕಂಡರೆ ನಮ್ಮ ಮನೆಯ ಮುರಿದ ಲೋಟದ ಹಿಡಿಯೂ ಹಾಗೇ ಕಾಣಬೇಕು. ಮೊರಿಹಿಕೊ ಮತ್ತು ಅವನ ಹೆಂಡತಿ ಅದನ್ನು ಕಡ್ಡಿಯಲ್ಲಿ ಎತ್ತಿ ಕುಡಿಕೆಗಿಟ್ಟರು. ಮುಚ್ಚಳ ಹಾಕಿ ಬಿಳಿ ಬಟ್ಟೆ ಕಟ್ಟಿದೆ. ಬಾಗಿಲಲ್ಲಿ ಅವರವರ ಉಪ್ಪಿನ ಪೊಟ್ಟಣ ಒಡೆದು ಹೆಗಲಿಗೆ ಉದುರಿಸಿಕೊಂಡು ಮೈಲಿಗೆ ಕಳೆದುಕೊಂಡರು. ಊಟದ ಡಬ್ಬಿಗಳನ್ನು ವ್ಯಾನಿಗೆ ಏರಿಸಿದರು. ಲೋಟ ತೊಳೆದಿಟ್ಟು ಬಸ್ಸಿನಲ್ಲಿ ಬರುವಂತೆ ನೆನಿತಾಗೆ ಹೇಳಿ ಹೊರಟುಹೋದರು.

ಅವಳು ನಲ್ಲಿಯ ಹತ್ತಿರ ಲೋಟ ತೊಳೆಯುತ್ತಿದ್ದಳು. ನಾನು ಹೋಗಿ ನಿಂತೆ.

"ಒಳಗ್ ಬಾ ತಾಯಿ."

"ಎಲ್ಲ ಮುಗೀತಲ್ಲಣ್ಣ."

"ಮುಗಿದಿಲ್ಲ. ಅವರು ತಗಂಡ್ ಹೋಗಿದ್ದು ಗಂಟ್ಲು ಮೂಳೆ ಅಲ್ಲ."

ಕೈ ಒರೆಸಿಕೊಂಡು ಬಂದಳು. ಬಟ್ಟಲ ಮೇಲಿನ ಕಾಗದ ತೆಗೆದೆ. ಅಜ್ಜಿ ಕೈಮುಗಿದು ಕೂತಿದ್ದಳು. ನೆನಿತಾ ಬಾಗಿ ನೋಡಿದಳು.

"ಹಂಗಾರೆ ಅವರ ಕುಡಿಕೇಲಿ ಯಾರದ್ದೈತೆ?"

"ಅಜ್ಜೀದೇ. ಕತ್ತಿಂದೇ, ಎರಡು ಮೆಟ್ಲು ಕೆಳಗಿಂದು."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗು ಹಾಗೇ ಅಳುವಾಯಿತು. ನಾನು ಗೋಡೆ ನೋಡುತ್ತ ನಿಂತೆ. ಜೇಬಿನಿಂದ ತಿರುಪುಮೊಳೆ ತೆಗೆದು ಕೊಟ್ಟೆ. ಅದನ್ನು ಅವಳು ಮುಷ್ಟಿಯಲ್ಲಿ ಹಿಡಿದು ಸೊಂಟದ ಜೇಬಿಗೆ ಹಾಕಿಕೊಂಡಳು.

"ಇಬ್ರು ಹಿಡೀಬೇಕಲ್ಲಣ್ಣ."

"ನಾನು ಹೆಣ ಸುಡೋನು. ನಿಂಗೆ ಅಡ್ಡಿ ಇಲ್ಲಾಂದ್ರೆ ನಾನು ಹಿಡೀತೀನಿ."

"ಬೆಳಿಗ್ಗೆ ನನ್ನನ್ನ ಆಳು ಅಂದ್ಕಂಡಿದ್ದೆ ನೀನು."

"ಹೂಂ. ಅಂದ್ಕಂಡಿದ್ದೆ."

ಅವಳು ಚೀಲದಿಂದ ಡಬ್ಬಿ ತೆಗೆದಳು. ಅತ್ತೆಯ ಕನ್ನಡಕವನ್ನು ಹೊರಗೆ ತೆಗೆದು ತನ್ನ ಕೊರಳಪಟ್ಟಿಗೆ ಸಿಕ್ಕಿಸಿಕೊಂಡು, ಖಾಲಿ ಡಬ್ಬಿಯೊಳಗೆ ಕರವಸ್ತ್ರ ಹಾಸಿ ಮೇಜಿನ ಮೇಲೆ ತೆರೆದಿಟ್ಟಳು. ಒಂದು ಜೊತೆ ಕಡ್ಡಿ ತಾನು ತೆಗೆದುಕೊಂಡು, ಇನ್ನೊಂದು ಜೊತೆಯನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಆಚೆ ಈಚೆ ನಿಂತು ಮೂಳೆಗೆ ಕಡ್ಡಿ ಕೊಟ್ಟೆವು. ಅವಳ ಕಡ್ಡಿ ಮೂಳೆಯನ್ನು ಗಟ್ಟಿಯಾಗಿ ಹಿಡಿಯಿತು. ಜಾರಿದ್ದು ನನ್ನದು. ಮೂಳೆ ಬಟ್ಟಲ ಅಂಚಿಗೆ ತಗುಲಿ ಟಿಣ್ ಎಂದಿತು.

"ಸಡಿಲ ಹಿಡ್ದಿದ್ಯಣ್ಣ," ಎಂದಳು ನೆನಿತಾ, ನನ್ನ ಕಡ್ಡಿಯ ತುದಿಯನ್ನೇ ನೋಡುತ್ತ. "ಇನ್ನೊಂಚೂರು ಬಿಗಿಯಾಗಿ ಹಿಡ್ಕ."

ಬಿಗಿಯಾಗಿ ಹಿಡಿದುಕೊಂಡೆ.