ಡೇರಿಯ ಜಾವಾ ಡಾಕ್ಟ್ರು

ಹಾಲಿನ ಡೇರಿಯ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟವನು ಊರಿನ ಮೋಟಾರು ರಿಪೇರಿಯವನೇ. ಹಾಲಿನ ಫ್ಯಾಟ್, ಅಂದರೆ ಕೊಬ್ಬಿನಂಶ, ನೋಡುವ ಸಾಫ್ಟ್‌ವೇರ್ ಜಾವಾ ಎಂಬ ಇನ್ನೊಂದು ಪ್ರೋಗ್ರಾಂ ಇಲ್ಲದೆ ಏಳುತ್ತಿರಲಿಲ್ಲ. ಆ ಜಾವಾ ಯಾವ ಫೋಲ್ಡರಿನಲ್ಲಿದೆಯೆಂದು ಕಂಪ್ಯೂಟರಿಗೆ ಎರಡು ಸಾಲಿನಲ್ಲಿ ಹೇಳಬೇಕಿತ್ತು. ಟರ್ಮಿನಲ್ಲಿನ ಕಪ್ಪು ಕಿಟಕಿಯಲ್ಲಿ ಅವನು ಆ ಸಾಲು ಹೊಡೆದ, ಕೆಲಸ ನಡೆಯಿತು. ಕಿಟಕಿ ಮುಚ್ಚಿದರೆ ಸಾಲೂ ಹೋಯಿತು. ಮಾರನೆಯ ದಿನ ಮತ್ತೆ ಹೊಡೆಯಬೇಕು.

ಹಾಗಾಗಿ ಅವನು ದಿನಾ ಬೆಳಿಗ್ಗೆ ಬರತೊಡಗಿದ.

"ದಾರಿ ಬಿಡ್ರೋ, ಜಾವಾ ಡಾಕ್ಟ್ರು ಬಂದ್ರು!" ಎಂದು ಕ್ಯಾನು ಹಿಡಿದವರು ಸರಿಯುವರು. ಇವನ ಗ್ರೀಸು ಕೈ ನೋಡಿ ಬಾಗಿಲಾಚೆಯೇ ನಿಲ್ಲಿಸುತ್ತಿದ್ದ ಕಾರ್ಯದರ್ಶಿ ಈಗ ತಾನಾಗಿಯೇ ಎದ್ದು ಕುರ್ಚಿ ಬಿಟ್ಟುಕೊಡುವನು. ಅದೇ ಸಾಲುಗಳನ್ನು ಪ್ರೊಫೈಲ್ ಎಂಬ ಫೈಲಿಗೆ ಸೇರಿಸಿಬಿಟ್ಟರೆ ಕಂಪ್ಯೂಟರ್ ಪ್ರತಿಸಲ ತಾನೇ ಓದಿಕೊಳ್ಳುತ್ತದೆಂದು ಅವನಿಗೆ ಆಮೇಲೆ ತಿಳಿಯಿತು. ನಾಳೆ ಮಾಡಿದರಾಯಿತು ಅಂದುಕೊಂಡ. ಬೇಸಿಗೆ ಬಂತು, ಆ ನಾಳೆ ಬರಲಿಲ್ಲ.

ಒಂದು ಬೆಳಿಗ್ಗೆ ಅವನ ಬೈಕು ಅರ್ಧ ದಾರಿಯಲ್ಲಿ ಕೈಕೊಟ್ಟಿತು. ಕಾರ್ಯದರ್ಶಿ ಫೋನು ಮಾಡಿದ. "ಏನ್ ಹೊಡೀಬೇಕು ಹೇಳಪ್ಪ, ನಾನೇ ಹೊಡೀತೀನಿ."

"ಅದು ನಿಮ್ ಕೈಲಿ ಆಗಲ್ಲ ಬಿಡಿ. ಬಂದೆ ಬಂದೆ."

ಬೈಕು ತಳ್ಳಿಕೊಂಡು ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಫ್ಯಾಟ್ ನೋಡದೆ ಹಾಲು ತೆಗೆದುಕೊಳ್ಳುವಂತಿಲ್ಲ. ಡೇರಿಯ ಹಿಂದಿನ ಮೋರಿಗೆ ಅವನ ಸ್ವಂತ ಅಕ್ಕ ಕ್ಯಾನು ಬಗ್ಗಿಸುತ್ತಿದ್ದಳು.

"ಹಾಲು ಒಡೆದೋಯ್ತು ಕಣೋ," ಎಂದಳು. ಬಂದು ಸೆರಗಿನಿಂದ ಅವನ ಹಣೆ ಒರೆಸಿದಳು. "ಹೋಗ್ಲಿ ಬಿಡು. ನೀನಾದ್ರೂ ಎಷ್ಟೂಂತ ಓಡಾಡ್ತೀಯ? ಈ ಹಾಳು ಮಿಷನ್ನು ನಿನ್ ಜೀವ ಹಿಂಡುತ್ತೆ."

ಸೆರಗಿನಿಂದ ಹುಳಿ ವಾಸನೆ ಬಂತು. ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಒಳಗೆ ಹೋಗಿ, ಕೂರದೆ, ನಿಂತೇ ಆ ಪ್ರೊಫೈಲ್ ಫೈಲು ತೆರೆದ. ಎರಡು ಸಾಲು ಸೇರಿಸಿ, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದ. ಸಾಫ್ಟ್‌ವೇರ್ ಒಂದೇ ಕ್ಲಿಕ್ಕಿಗೆ ಎದ್ದಿತು.

"ಇನ್ಮೇಲೆ ನಾನ್ ಬರೋದು ಬೇಡ. ತಾನೇ ನಡಿಯುತ್ತೆ."

"ಭಲೇ! ಇವತ್ತು ಹೊಸದೇನೋ ಕಂಡುಹಿಡ್ದೆ ಅನ್ನು," ಎಂದು ಕಾರ್ಯದರ್ಶಿ ಹಿಗ್ಗಿದ.

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಹೊಸದಲ್ಲ. ಮೊದಲೇ ಗೊತ್ತಿತ್ತು. ನಾನೇ ಮಾಡಿರಲಿಲ್ಲ."

"ಯಾಕೋ?" ಎಂದಳು ಅಕ್ಕ.

ಅವನು ಕುರ್ಚಿಯನ್ನು ಕಾರ್ಯದರ್ಶಿಯ ಕಡೆಗೆ ತಳ್ಳಿದ. ಅವಳು ಅದನ್ನು ನೋಡಿದಳು, ಆಮೇಲೆ ಕ್ಯಾನು ತೊಳೆಯಲು ನಲ್ಲಿಯ ಹತ್ತಿರ ಹೋದಳು. ಅವನೂ ಹಿಂದೆಯೇ ಹೋಗಿ, ತಾನು ತೊಳೆಯಲೆಂದು ಕ್ಯಾನಿಗೆ ಕೈ ಹಾಕಿದ. ಅವಳು ಕ್ಯಾನು ಬಿಟ್ಟುಕೊಡಲಿಲ್ಲ.