ಸೋಮವಾರದ ರಜೆಗೆ ಒಬ್ಬ ಅಧ್ಯಕ್ಷೆ

ಭಾಗ್ಯನಗರದ ನಮ್ಮ ಹೊಲಿಗೆ ಶೆಡ್ಡಿನಲ್ಲಿ ಇಪ್ಪತ್ತೊಂದು ಹೆಂಗಸರಿದ್ದೇವೆ: ಕನ್ನಡದವರು ಒಂಬತ್ತು, ಉರ್ದು ಮಾತಾಡುವವರು ಏಳು, ಗಂಗಾವತಿ ಕಡೆಯ ತೆಲುಗಿನವರು ಐದು. ವಾರದ ರಜೆ ಮಾತ್ರ ಒಂದೇ. ಉರ್ದುವಿನವರಿಗೆ ಶುಕ್ರವಾರ ಬೇಕು, ತೆಲುಗಿನವರಿಗೆ ಭಾನುವಾರ, ನನಗೆ ಸೋಮವಾರ. ಜಗಳ ಕೇಳಿ ಕೇಳಿ ಬೇಸತ್ತ ಮಾಲೀಕ, "ನಿಮ್ಮೊಳಗ ಒಬ್ಬಾಕೀನ ಆರಿಸ್ಕೊಳ್ರಿ. ಆಕಿ ಹೇಳಿದ ದಿನಾ ರಜಾ," ಎಂದು ಕೈ ತೊಳೆದುಕೊಂಡ.

ನನ್ನ ಮಗಳು ಸುರೇಖಾಳನ್ನು ಬೇವೂರಿಗೆ ಕೊಟ್ಟಿದ್ದೇನೆ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲವಲ್ಲ, ಅವಳ ಮನೆಯಲ್ಲಿ ಹೊಲದ ಕೆಲಸಕ್ಕೆ ಬಿಡುವು ಅಂದೇ. ಮದುವೆಯಾಗಿ ಎಂಟು ತಿಂಗಳಾಯಿತು, ಅವಳ ಜೊತೆ ಒಂದು ಹಗಲು ಕೂತು ಮಾತಾಡಿಲ್ಲ ನಾನು. ಇದನ್ನು ಶೆಡ್ಡಿನಲ್ಲಿ ಯಾರಿಗೂ ಹೇಳಿರಲಿಲ್ಲ. ಮನೆಯ ಮಾತನ್ನು ಊರ ಮುಂದೆ ಯಾಕೆ ಹರಡಬೇಕು?

ಬಿ.ಎ. ಓದಿದ ಸುಕನ್ಯಾ ಎದ್ದು ನಿಂತು, ದೇಶ ಆಳುವ ಎರಡು ಪದ್ಧತಿ ವಿವರಿಸಿದಳು. ಒಂದರಲ್ಲಿ ಎಲ್ಲರೂ ಕೂಡಿ ಒಬ್ಬ ಅಧ್ಯಕ್ಷೆಗೆ ನೇರ ಓಟು ಹಾಕುವುದು. ವರ್ಷ ಮುಗಿಯುವ ತನಕ ಅವಳನ್ನು ಇಳಿಸುವಂತಿಲ್ಲ. ಇನ್ನೊಂದು ಸಂಸತ್ತಿನ ಪದ್ಧತಿ: ಒಂದೊಂದು ಭಾಷೆಯವರು ಇಬ್ಬಿಬ್ಬರನ್ನು ಕಳಿಸಬೇಕು, ಆ ಆರು ಜನ ತಮ್ಮಲ್ಲೊಬ್ಬಳನ್ನು ಮುಂದೆ ಮಾಡಬೇಕು, ನಂಬಿಕೆ ಹೋದ ದಿನವೇ ಇಳಿಸಬಹುದು.

ನಮ್ಮವರು ಒಂಬತ್ತು ಜನ, ನೇರ ಓಟಾದರೆ ಗೆಲ್ಲುವವರು ನಾವೇ. ಇಷ್ಟು ತಿಳಿಯಲು ಬಿ.ಎ. ಬೇಕೇ? "ಅಧ್ಯಕ್ಷೀನ ಛಲೋ. ಆರು ಮಂದಿ ಕುಂತ್ರ ಬರೇ ಹರಟಿ ಆಗತೈತಿ," ಎಂದೆ.

ಗುಂಡಿ ಹಚ್ಚುವ ಮೆಹಬೂಬಬೀ ದಾರ ಕಡಿಯುತ್ತ, "ತಲಿ ಮ್ಯಾಲೆ ಕುಂತಾಕೀನ ವರ್ಷಗಟ್ಲೆ ಹೊರೋರ್ಯಾರ ಅಕ್ಕಾ? ಸ್ವಲ್ಪ ಮಂದಿ ಇದ್ದೋರನ್ನ ಕೇಳೋರ್ಯಾರ?" ಎಂದಳು. ಮಾತು ನ್ಯಾಯವಾಗಿತ್ತು, ಅದಕ್ಕೇ ನನಗೆ ಸಿಟ್ಟು ಬಂತು. ದನಿ ಏರಿಸಿ, ತೆಲುಗಿನವರಿಗೆ ಎರಡು ದಿನ ಬಿಸಿ ಮಿರ್ಚಿ ಭಜಿ ತಿನ್ನಿಸಿ, ಅಧ್ಯಕ್ಷೆಯ ಪದ್ಧತಿಯನ್ನೇ ಗೆಲ್ಲಿಸಿದೆ.

ಆರಿಸುವ ದಿನ ಸುಕನ್ಯಾ ಹಾಳೆ ಹಿಡಿದು, "ಶಿವಲಿಂಗಮ್ಮಕ್ಕ, ನೀವು ನಿಲ್ತೀರೇನ್ರಿ?" ಎಂದು ಮೊದಲು ನನ್ನನ್ನೇ ಕೇಳಿದಳು. ನಾನು ಸೆರಗು ಸರಿಮಾಡಿಕೊಂಡು, "ಅಯ್ಯ, ನನಗ್ಯಾಕವಾ ಅವೆಲ್ಲ? ಬ್ಯಾಡ," ಎಂದೆ. ದೊಡ್ಡವರು ಹಾಗೆಯೇ ಅನ್ನಬೇಕು. ಊಟಕ್ಕೆ ಕರೆದರೂ ಮೊದಲ ಸಲಕ್ಕೇ ಯಾರು ಎದ್ದು ಹೋಗುತ್ತಾರೆ? ಎರಡು ಸಲ ನಾವು ಬೇಡ ಅನ್ನಬೇಕು, ಮೂರನೆಯ ಸಲ ಅವರು ಕೈ ಹಿಡಿದು ಎಳೆಯಬೇಕು. ಆ ಹುಡುಗಿ "ಆಗಲ್ರಿ" ಎಂದು ನನ್ನ ಹೆಸರಿನ ಮೇಲೆ ಗೀಟು ಎಳೆದಳು.

ನಮ್ಮವರೆಲ್ಲ ನನ್ನ ಹಾಗೆಯೇ ಒಂದೊಂದು ಸಲ "ಬ್ಯಾಡ" ಎಂದು, ಒತ್ತಾಯಕ್ಕೆ ಕಾಯುತ್ತ ಕೂತರು. "ನಾ ನಿಲ್ತೀನಿ," ಎಂದಳು ಮೆಹಬೂಬಬೀ. ಎದುರಿಗೆ ಯಾರೂ ಇರಲಿಲ್ಲ, ಆರಿಸಿ ಬಂದಳು.

ಶುಕ್ರವಾರವೇ ಗತಿ ಎಂದುಕೊಂಡೆ. ಇಳಿಸೋಣವೆಂದರೆ ವರ್ಷದ ಷರತ್ತಿನ ಪದ್ಧತಿ ಗೆಲ್ಲಿಸಿದವಳೇ ನಾನು. ಮರ್ಯಾದೆ ಹಾಳಾಗಿ ಹೋಗಲಿ ಎಂದು ಎಲ್ಲರ ಮುಂದೆ, "ಸೋಮವಾರ ಕೊಡವಾ. ಮಗಳ ಜೋಡಿ ಕುಂತು ಮಾತಾಡಿ ಎಂಟು ತಿಂಗಳಾತು. ಆಕಿಗೆ ಅವತ್ತ ಒಂದ ದಿನ ಬಿಡುವು," ಎಂದುಬಿಟ್ಟೆ.

ಮೆಹಬೂಬಬೀ ಸೂಜಿ ಕೆಳಗಿಟ್ಟಳು. "ಇದನ್ನ ಮೊದಲ ಹೇಳಾಕ ಏನಾಗಿತ್ತು ಅಕ್ಕಾ?" ಎಂದವಳೇ, ಭಾಷೆಗಿಬ್ಬರಂತೆ ಆರು ಜನರನ್ನು ಕೂಡಿಸಿ ಕೇಳಿದಳು. ಅರ್ಧ ತಾಸಿನಲ್ಲಿ ತೀರ್ಮಾನವಾಯಿತು: ರಜೆ ಸೋಮವಾರ, ಶುಕ್ರವಾರ ಮಧ್ಯಾಹ್ನ ಎರಡು ತಾಸು ಬಿಡುವು, ಭಾನುವಾರ ಮೂರು ಗಂಟೆಗೇ ಮನೆಗೆ. ಖುಷಿಯಾಯಿತು, ಹೊಟ್ಟೆಯೂ ಉರಿಯಿತು.

ಮುಂದಿನ ಸೋಮವಾರ ಬೇವೂರಿನ ಪಡಸಾಲೆಯಲ್ಲಿ ಸುರೇಖಾ ನನ್ನ ತೊಡೆಯ ಮೇಲೆ ತಲೆಯಿಟ್ಟುಕೊಂಡು ಶೆಡ್ಡಿನ ಸುದ್ದಿ ಎಲ್ಲ ಕೇಳಿದಳು. "ಯವ್ವಾ, ಅಧ್ಯಕ್ಷಿ ನೀನ ಆಗಬೇಕಿತ್ತಲ್ಲ?" ಎಂದಳು.

"ಭಾಳ ಒತ್ತಾಯ ಮಾಡಿದ್ರವಾ," ಎಂದೆ. "ನಾನ ಬ್ಯಾಡ ಅಂದೆ."